ಹಜರತಅಲಿಯ ಖಾಲಿ ಫ್ಲ್ಯಾಶ್

ಅರವತ್ತೆರಡು ಫೋಟೋ, ಒಂದರಲ್ಲೂ ಒಬ್ಬ ಮನುಷ್ಯನಿಲ್ಲ. ಶಿಗ್ಗಾವಿಯ ಹೆದ್ದಾರಿ ಪಕ್ಕದ ಕಲ್ಯಾಣ ಮಂಟಪದೊಳಗೆ ಹಜರತಅಲಿ ಎರಡು ಸುತ್ತು ಹಾಕಿ ಇದನ್ನು ಖಾತ್ರಿ ಮಾಡಿಕೊಂಡ. ಧನುರ್ಮಾಸ, ಮದುವೆಗಳಿಲ್ಲ, ಹಾಗಾಗಿ ಮಂಟಪ ಫೋಟೋಗಳಿಗೆ ಸಿಕ್ಕಿತ್ತು. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಹಾನಗಲ್ಲಿನ ಕೆರೆ, ಊಟದ ಹಾಲಿನಲ್ಲಿ ಬಂಕಾಪುರದ ಕೋಟೆ, ಕೈ ತೊಳೆಯುವ ಜಾಗದ ಹತ್ತಿರ ಹಿರೇಕೆರೂರು ಕಡೆಯ ಹೊಲಗಳು. ಎಲ್ಲವೂ ಕಪ್ಪು ಚೌಕಟ್ಟಿನಲ್ಲಿ, ಒಂದೊಂದೂ ಬಾಗಿಲಿನಷ್ಟು ದೊಡ್ಡದು. ಹೊರಗೆ ಬ್ಯಾನರು: ‘ನಿರ್ಜನ: ನನ್ನ ತಾಯ್ನಾಡಿನ ಭೂದೃಶ್ಯಗಳು. ಛಾಯಾಗ್ರಾಹಕ ಚನ್ನೇಶ.’

“ತಾಯ್ನಾಡಂತ,” ಅಂದುಕೊಂಡ ಹಜರತಅಲಿ. “ತಾಯಂದ್ರನ್ನೆಲ್ಲಾ ಹೊರಗ ಹಾಕಿ ನಾಡಿನ ಫೋಟೋ ತಗದಾನ ಮಗಾ.”

ಹೊರಗೆ ಹಾಕಿದ್ದು ಯಾರು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅವನು ಆ ಹೊತ್ತಿಗೆ ನೆನೆಯಲಿಲ್ಲ.

ಹಜರತಅಲಿಯೂ ಫೋಟೋದವನೇ. ಸವಣೂರಿನ ಪೇಟೆ ಬೀದಿಯಲ್ಲಿ ಒಂದು ಕಡೆ ಖಾರ ಚುರುಮುರಿಯ ಅಂಗಡಿ, ಇನ್ನೊಂದು ಕಡೆ ವೀಳ್ಯದೆಲೆ ಅಂಗಡಿ, ನಡುವೆ ಹತ್ತಡಿ ಅಗಲದ ‘ನ್ಯೂ ಗುಲ್ಶನ್ ಫೋಟೋ ಸ್ಟುಡಿಯೋ’. ‘ನ್ಯೂ’ ಎಂದು ಬರೆಸಿ ನಲವತ್ತು ವರ್ಷವಾಯಿತು. ಹಳೆಯ ಗುಲ್ಶನ್ ಎಂಬುದು ಎಂದೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಆರು ವರ್ಷ ಕತ್ತಲ ಕೋಣೆಯೊಳಗೆ ಬೆರಳು ಬಿಳಿಚಿಕೊಳ್ಳುವ ಹಾಗೆ ಫೋಟೋ ತೊಳೆದು ಕಲಿತ ವಿದ್ಯೆ. ಸ್ಟುಡಿಯೋದ ಒಳಗೋಡೆಗೆ ಅವನಪ್ಪ ಬಣ್ಣ ಹಚ್ಚಿದ ಪರದೆ: ಎರಡು ಹಸಿರು ಗುಡ್ಡ, ನಡುವೆ ಧೋ ಎಂದು ಬೀಳುವ ನೀರು, ಕೆಳಗೊಂದು ಬಾತುಕೋಳಿ. ಅಪ್ಪ ಜೀವಮಾನದಲ್ಲಿ ಜಲಪಾತ ನೋಡಿದವನಲ್ಲ. ಬಾತುಕೋಳಿಯನ್ನೂ ನೋಡಿರಲಿಲ್ಲವೋ ಏನೋ, ಅದು ಸ್ವಲ್ಪ ಬೆಕ್ಕಿನ ಹಾಗಿದೆ. ಆದರೂ ನಾಲ್ಕು ತಾಲೂಕಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಗಂಡ ಹೆಂಡತಿ ಅದೇ ನೀರಿನ ಮುಂದೆ, ಅದೇ ಬೆಕ್ಕಿನ ಪಕ್ಕ ನಿಂತಿದ್ದಾರೆ.

ಮುಖ ತೆಗೆದು ತೆಗೆದು ಹಜರತಅಲಿಗೆ ಮುಖಗಳೆಂದರೆ ತಾತ್ಸಾರ ಬಂದಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಸ್ಟೂಲಿನ ಮೇಲೆ ಕುಳಿತ ಕೂಡಲೇ ಉಸಿರು ಕಟ್ಟುತ್ತಾರೆ, ಕಣ್ಣು ಅಗಲಿಸುತ್ತಾರೆ, ಪೊಲೀಸರು ಹಿಡಿದು ತಂದವರ ಹಾಗೆ. “ಉಸುರ ಬಿಡ್ರಿ, ಸಾಯಬ್ಯಾಡ್ರಿ,” ಎಂದು ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ದೊಡ್ಡ ಮೀಸೆಯ ಗೌಡರು ಕೋಟು ಬೇಕೆನ್ನುತ್ತಿದ್ದರು. ಸ್ಟುಡಿಯೋದ ಮೊಳೆಗೆ ನೇತುಹಾಕಿದ್ದ ಒಂದೇ ಕೋಟನ್ನು ಮೂವತ್ತು ವರ್ಷ ಎಲ್ಲ ಜಾತಿಯ ಗೌಡರೂ ತೊಟ್ಟಿದ್ದರು, ಬೆನ್ನಿನ ಹೊಲಿಗೆ ಬಿಚ್ಚಿತ್ತು, ಬೆನ್ನು ಫೋಟೋದಲ್ಲಿ ಬರುವುದಿಲ್ಲ. ಯಾರನ್ನು ಕಂಡರೂ ಹಜರತಅಲಿಗೆ ಆ ಬಿಚ್ಚಿದ ಬೆನ್ನೇ ನೆನಪಾಗುತ್ತಿತ್ತು. ದೊಡ್ಡವರ ಮುಂದೆ ಅವನು ತಗ್ಗಿ ನಡೆದವನಲ್ಲ, ಸಣ್ಣವರನ್ನು ಕಂಡು ಕನಿಕರಪಟ್ಟವನೂ ಅಲ್ಲ. ಅವನ ಲೆಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುವವರೆಲ್ಲ ಒಂದೇ ಬಗೆಯ ಹುಚ್ಚರು.

ಈ ತಾತ್ಸಾರದಿಂದಲೇ ಖಾಲಿ ಫ್ಲ್ಯಾಶ್ ಹುಟ್ಟಿತು.

ರೀಲಿನ ಕಾಲದಲ್ಲಿ ಒಂದು ರೀಲಿಗೆ ಮೂವತ್ತಾರು ಫೋಟೋ. ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ ಸೋದರಮಾವ, ಸೋದರಮಾವನ ಷಡ್ಡಕ, ಷಡ್ಡಕನ ಊರಿನ ಪಂಚಾಯ್ತಿ ಮೆಂಬರು, ಎಲ್ಲರೂ ವೇದಿಕೆ ಹತ್ತಿ ಮದುಮಕ್ಕಳ ಪಕ್ಕ ನಿಂತು “ಒಂದ ಹೊಡೀರಿ” ಎನ್ನುವವರೇ. ಬೇಡ ಎಂದರೆ ಜಗಳ, ಹೊಡೆದರೆ ರೀಲು ಖಾಲಿ. ಆಗ ಎಡ ಅಂಗೈಯಿಂದ ಲೆನ್ಸು ಮರೆಮಾಡಿ, ಬಲಗೈ ಬೆರಳಿನಿಂದ ಫ್ಲ್ಯಾಶಿನ ಗುಂಡಿ ಮಾತ್ರ ಒತ್ತುವುದು. ಫಳ್ ಎಂದು ಬೆಳಕು ಬೀಳುತ್ತದೆ. “ಬಂತು!” ಎಂದು ಗಟ್ಟಿಯಾಗಿ ಹೇಳಬೇಕು. ಹಾಗೆ ಹೇಳಿದರೆ ಷಡ್ಡಕ ತೃಪ್ತಿಯಿಂದ ಊಟಕ್ಕೆ ಹೋಗುತ್ತಾನೆ. ತಿಂಗಳ ನಂತರ ಆಲ್ಬಮ್ಮಿನಲ್ಲಿ ತನ್ನನ್ನು ಹುಡುಕುತ್ತ ಯಾರಾದರೂ ಬಂದರೆ ಅದಕ್ಕೂ ಉತ್ತರ ಸಿದ್ಧವಿತ್ತು: “ರೀಲ್ ತೊಳೀಬೇಕಾದ್ರ ಕೆಟ್ಟ ಹೋತ್ರಿ.” ಈ ಕಸುಬಿನವರೆಲ್ಲ ಮಾಡುತ್ತಿದ್ದುದೇ. ಆದರೆ ಹಜರತಅಲಿಯ ಕೈ ಎಷ್ಟು ಪಳಗಿತ್ತೆಂದರೆ ಕೊನೆಕೊನೆಗೆ ಅವನು ಅಂಗೈ ಅಡ್ಡ ಹಿಡಿಯುವ ತ್ರಾಸನ್ನೂ ಬಿಟ್ಟ. ಲೆನ್ಸಿನ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. ಹಲ್ಲು ಕಿರಿದು ನಿಂತ ಜನ ತಮ್ಮ ಹಲ್ಲು ನೋಡಿಕೊಳ್ಳುತ್ತಾರೆಯೇ ಹೊರತು ಕ್ಯಾಮೆರಾ ನೋಡುವುದಿಲ್ಲ ಎಂಬುದು ಅವನ ಖಾತ್ರಿ.

ಹೆಂಡತಿ ಮಾಬೂಬಿಗೆ ಇದು ಗೊತ್ತಿತ್ತು. “ಕಯಾಮತ್ ದಿನಾ, ಸತ್ತವರೆಲ್ಲಾ ಎದ್ದಾಗ, ಆ ಮಂದೀ ಎಲ್ಲಾ ಸಾಲ ಹಚ್ಚಿ ನಿಂತು, ನಮ್ಮ ಫೋಟೋ ಎಲ್ಲಿ ಐತಿ ಅಂತ ಕೇಳ್ತಾರ. ಅವತ್ತೂ ರೀಲ್ ಕೆಟ್ಟತು ಅನ್ರಿ,” ಎನ್ನುತ್ತಿದ್ದಳು.

“ಅವತ್ತೂ ಫ್ಲ್ಯಾಶ್ ಹೊಡದ ಕಳಸ್ತೇನಿ,” ಎನ್ನುತ್ತಿದ್ದ ಇವನು.

ಆಮೇಲೆ ರೀಲು ಹೋಯಿತು, ಕಂಪ್ಯೂಟರ್ ಬಂತು, ಮೊಬೈಲು ಬಂತು, ಷಡ್ಡಕರು ತಮ್ಮ ಫೋಟೋ ತಾವೇ ತೆಗೆದುಕೊಳ್ಳತೊಡಗಿದರು. ಹಜರತಅಲಿಯೂ ಡಿಜಿಟಲ್ ಕ್ಯಾಮೆರಾ ತಂದ. ಹಳೆಯ ರೀಲ್ ಕ್ಯಾಮೆರಾವನ್ನು ಮಾತ್ರ ಮಾರಲಿಲ್ಲ. ಊರು ಬಿಟ್ಟು ಹೊರಟರೆ ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ, ಒಳಗೆ ರೀಲಿಲ್ಲದೆ ಒಂಬತ್ತು ವರ್ಷವಾಗಿದ್ದರೂ. ಫ್ಲ್ಯಾಶಿಗೆ ನಾಲ್ಕು ಸೆಲ್ಲು ಹಾಕಿಟ್ಟಿರುತ್ತಿದ್ದ. ತಾನು ಯಾರೆಂದು ಜನಕ್ಕೆ ದೂರದಿಂದಲೇ ತಿಳಿಯಬೇಕಲ್ಲ.

ಚನ್ನೇಶ ಬಂದದ್ದು ಹೋದ ವರ್ಷದ ಕಾರ್ತಿಕದಲ್ಲಿ. ಹುಟ್ಟಿದ್ದು ಹಿರೇಕೆರೂರಿನಲ್ಲಿ, ಎಂಟನೆಯ ವಯಸ್ಸಿಗೆ ಪುಣೆಗೆ ಹೋದವನು. ಈಗ ಅಲ್ಲಿ ದೊಡ್ಡ ಹೆಸರಂತೆ. ಬೆನ್ನ ಮೇಲೆ ಮೂಟೆಯಷ್ಟು ಕ್ಯಾಮೆರಾ ಹೊತ್ತು ಸ್ಟುಡಿಯೋದ ಬಾಗಿಲಲ್ಲಿ ನಿಂತು, “ನನ್ನ ನಾಡನ್ನು ನನಗೆ ತೋರಿಸುವವರೊಬ್ಬರು ಬೇಕು,” ಎಂದ. ಶಾಲೆಯಲ್ಲಿ ಪಾಠ ಓದಿದ ಹಾಗೆ ಮಾತು. ಕೆಲಸವಿಲ್ಲದೆ ನೊಣ ಓಡಿಸುತ್ತ ಕುಳಿತಿದ್ದ ಹಜರತಅಲಿ ಹೂಂ ಅಂದ.

ಹನ್ನೊಂದು ದಿನ ಜೀಪಿನಲ್ಲಿ ತಿರುಗಿದರು. ನಾಡು ತೋರಿಸುವುದು ಎಂದು ಹೋದವನಿಗೆ ಸಿಕ್ಕ ಕೆಲಸ ನಾಡು ಖಾಲಿ ಮಾಡಿಸುವುದು. ಹಾನಗಲ್ಲಿನ ಕೆರೆ ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದವರನ್ನು ಎಬ್ಬಿಸಿದ. ಹುಲಗೂರಿನ ದಾರಿಯಲ್ಲಿ ದರ್ಗಾಕ್ಕೆ ಹೊರಟವರ ಟಂಟಂ ಗಾಡಿ ನಿಲ್ಲಿಸಿದ. ಬಂಕಾಪುರದಲ್ಲಿ ಕೋಟೆ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ ಮೂವರು ಮುದುಕರು, “ನಾವು ನವಾಬರ ಕಾಲದಿಂದ ಇಲ್ಲೇ ಕುಂತೇವಿ,” ಎಂದು ಏಳಲೊಲ್ಲದಾಗ ಅವರಿಗೆ ಚಹಾ ಕುಡಿಸಿ ಎಬ್ಬಿಸಿದ. ಎಮ್ಮೆ, ಟ್ರ್ಯಾಕ್ಟರು, ಸರಕಾರಿ ಬಸ್ಸು, ಯಾವುದೂ ಬರಬಾರದು. ಕರೆಂಟಿನ ಕಂಬ ಎಬ್ಬಿಸಲಾಗದು. “ಅದನ್ನು ಕಂಪ್ಯೂಟರಿನಲ್ಲಿ ತೆಗೀತೀನಿ,” ಎಂದ ಚನ್ನೇಶ. ಒಂದು ಮೋಡ ಬರಲಿ ಎಂದು ಎರಡು ತಾಸು ಕೂರುತ್ತಿದ್ದ ಮನುಷ್ಯನಿಗೆ ಒಂದು ಎಮ್ಮೆ ದಾಟಿ ಹೋಗುವಷ್ಟು ಪುರಸೊತ್ತಿರಲಿಲ್ಲ.

“ನಿಮ್ಮ ತಾಯ್ನಾಡಿನ್ಯಾಗ ಮನಷ್ಯಾರ ಅದಾರೋ ಇಲ್ಲೋ ಸಾಹೇಬ್ರ?” ಎಂದು ಹಜರತಅಲಿ ಒಮ್ಮೆ ಕೇಳಿದ.

“ಮನುಷ್ಯರು ಬಂದರೆ ನೋಡುವವರ ಕಣ್ಣು ಅವರ ಮೇಲೇ ಹೋಗ್ತದೆ. ನೆಲ ಕಾಣೋದಿಲ್ಲ,” ಎಂದ ಚನ್ನೇಶ.

ನಲವತ್ತು ವರ್ಷದಲ್ಲಿ ಯಾರೂ ತನ್ನ ಮುಂದೆ ಇಂಥ ಮೂರ್ಖ ಮಾತು ಆಡಿರಲಿಲ್ಲ ಅನ್ನಿಸಿತು ಹಜರತಅಲಿಗೆ.

ಒಂಬತ್ತನೆಯ ದಿನ ಅಬಲೂರಿನ ಹೊರಗೆ, ಸಂಜೆ ಐದರ ಹೊತ್ತು. ಗೋವಿನಜೋಳ ಮುರಿದು ತೆನೆ ರಾಶಿ ಹಾಕಿದ್ದ ಹೊಲ, ಬದುವಿನ ಮೇಲೊಂದು ಬನ್ನಿ ಮರ, ಅದರಾಚೆ ಕೆಂಪು ಬಿಸಿಲು. ಚನ್ನೇಶ ಜೀಪು ನಿಲ್ಲಿಸಿ ಹುಚ್ಚು ಹಿಡಿದವನ ಹಾಗೆ ಇಳಿದ. ರಾಶಿಯ ಹತ್ತಿರ ಒಬ್ಬ ಮುದುಕಿ ತೆನೆ ಆರಿಸುತ್ತಿದ್ದಳು. ಕ್ಯಾಮೆರಾ ಕಂಡದ್ದೇ, “ಒಂದೀಟ ತಡೀರಿ,” ಎಂದು ಕೂಗಿ, ಕೊಡಪಾನದ ನೀರಿನಿಂದ ಮುಖ ತೊಳೆದಳು. ಸೆರಗಿನಿಂದ ಒರೆಸಿಕೊಂಡು, ಅದೇ ಸೆರಗನ್ನು ತಲೆಯ ಮೇಲೆ ಹೊದ್ದು, ಬನ್ನಿ ಮರದ ಪಕ್ಕ ಬಂದು ಎರಡೂ ಕೈ ಇಳಿಬಿಟ್ಟು ನೆಟ್ಟಗೆ ನಿಂತಳು.

“ಅಜ್ಜಿ ಬರ್ತಾರೆ ಫ್ರೇಮಿನಲ್ಲಿ, ತೆಗೀರಿ ಅವರನ್ನ,” ಎಂದ ಚನ್ನೇಶ. ಹಜರತಅಲಿ ಒಂದು ಗಳಿಗೆ ತಡೆದ. ಅಷ್ಟಕ್ಕೇ ಚನ್ನೇಶ ಕಿರುಚಿದ: “ಏನ್ರೀ ನೋಡ್ತಾ ನಿಂತಿದ್ದೀರಿ? ಲೈಟು ಹೋಗ್ತಾ ಇದೆ! ಇಷ್ಟು ವಯಸ್ಸಾಗಿದೆ, ಒಂದು ಮಾತು ತಿಳಿಯೋದಿಲ್ವಾ ನಿಮಗೆ?”

ಮುದುಕಿಯ ಎದುರೇ ಹಾಗಂದ. ಹಜರತಅಲಿಯ ಕಿವಿ ಬಿಸಿಯಾದವು. ಆ ಸಿಟ್ಟನ್ನು ಚನ್ನೇಶನ ಮೇಲೆ ತೀರಿಸಲಾರದೆ ಮುದುಕಿಯ ಕಡೆ ನಡೆದ.

“ಬರ್ರಿ ಅವ್ವಾರ, ಅವರದು ಬರೀ ಹೊಲದ ಫೋಟೋ. ನಿಮ್ಮದ ನಾ ಬ್ಯಾರೆ ಹೊಡೀತೇನಿ.”

ಅವಳು ಮರ ಬಿಟ್ಟು ಜೀಪಿನ ಹತ್ತಿರ ಬಂದಳು. “ಸ್ಟುಡಿಯೋದವರೇನ್ರಿ ನೀವು? ಹಂಗಾದ್ರ ಚೊಲೋ ಆತು. ನಮ್ಮ ಮೊಮ್ಮಗಳು ಮೊಬೈಲಿನ್ಯಾಗ ತಗೀತೇನಿ ಅಂತಾಳ. ಮೊಬೈಲಿಂದು ಏನ್ ಫೋಟೋರಿ ಅದು, ಚಾಷ್ಟಿ, ಹುಡುಗರ ಆಟ. ಮನ್ಯಾಗ ನಂದೊಂದೂ ಇಲ್ಲ. ನಾ ಹೋದಮ್ಯಾಲ ಗ್ವಾಡಿಗೆ ಒಂದ ಇರ್ಲಿ ಅಂತ.”

ಮತ್ತೆ ನೆಟ್ಟಗೆ ನಿಂತಳು. ಹಜರತಅಲಿ ಕೊರಳಿನ ರೀಲ್ ಕ್ಯಾಮೆರಾ ಎತ್ತಿದ. ಒಳಗೆ ರೀಲೇ ಇಲ್ಲದ ಮೇಲೆ ಮುಚ್ಚಳ ತೆಗೆಯುವುದು ಯಾಕೆ? ತೆಗೆಯಲಿಲ್ಲ. ಅಂಗಿಯ ಕಿಸೆಯಲ್ಲಿ ಮೊಬೈಲು ಇತ್ತು. ಅದರಲ್ಲಿ ಎಂಥ ಫೋಟೋ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದನ್ನೂ ತೆಗೆಯಲಿಲ್ಲ. ಗುಂಡಿ ಒತ್ತಿದ. ಫಳ್ ಎಂದಿತು.

ಮುದುಕಿ ಕಣ್ಣು ಮಿಟುಕಿಸಿ, ಕ್ಯಾಮೆರಾ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ, “ಬಂತೇನ್ರಿ?” ಎಂದು ಕೇಳಿದಳು.

“ಬಂತು! ಅಗ್ದಿ ಚೊಲೋ ಬಂತು.”

“ಸರೋಜವ್ವ ಅಂತ ಕೇಳ್ರಿ, ಬನ್ನಿಮರದ ಹೊಲದವರು ಅಂದ್ರ ಯಾರಾರ ಮನಿ ತೋರಸ್ತಾರ,” ಎಂದಳು. ಹೋಗುವಾಗ ರಾಶಿಯಲ್ಲಿ ಇನ್ನೂ ಹಸಿಯಿದ್ದ ನಾಲ್ಕು ತೆನೆ ಹುಡುಕಿ ಕೈಗೆ ಕೊಟ್ಟು, “ಸುಟಗೊಂಡ ತಿನ್ರಿ,” ಎಂದಳು. ಹಜರತಅಲಿ ಸವಣೂರಿಗೆ ಬಂದು ಮಾಬೂಬಿಯಿಂದ ಸುಡಿಸಿಕೊಂಡು ತಿಂದ. ತೆನೆ ಕೊಟ್ಟವಳ ಮಾತು ಅಲ್ಲಿಗೆ ಮರೆತುಹೋಯಿತು.

ಈಗ ಆ ಹೊಲ ಇಲ್ಲಿ ಶಿಗ್ಗಾವಿಯ ಮಂಟಪದಲ್ಲಿ, ಕೈ ತೊಳೆಯುವ ನಲ್ಲಿಗಳ ಎದುರು ನೇತಾಡುತ್ತಿತ್ತು. ಬನ್ನಿ ಮರ, ತೆನೆ ರಾಶಿ, ಕೆಂಪು ಬಿಸಿಲು. ಕೆಳಗೆ ಚೀಟಿ: ‘ನಿರ್ಜನ, ಸಂಖ್ಯೆ ೪೧.’ ಆ ರಾಶಿ ತಾನಾಗಿ ಭೂಮಿಯಿಂದ ಎದ್ದು ಬಂದ ಹಾಗಿತ್ತು.

ಉದ್ಘಾಟನೆಗೆ ಬಂದ ಸಾಹೇಬರೊಬ್ಬರು ದೀಪ ಹಚ್ಚಿ, ಒಂದೂ ಫೋಟೋ ನೋಡದೆ, ಪರಿಸರ ಉಳಿಸಬೇಕೆಂದು ಹೇಳಿ ಹೋದರು. ಚನ್ನೇಶ ಅರ್ಧ ತಾಸು ಮಾತಾಡಿದ. ಮಣ್ಣಿನ ಮೌನ, ಬಯಲಿನ ಧ್ಯಾನ ಎಂದೆಲ್ಲ ಏನೇನೋ. ಹೊರಗೆ ಹೆದ್ದಾರಿಯ ಲಾರಿಗಳ ಹಾರನ್ನಿನಲ್ಲಿ ಆ ಮೌನ ಯಾರಿಗೂ ಕೇಳಿಸಲಿಲ್ಲ. ನಾಡು ತೋರಿಸಿದ್ದಕ್ಕೆ ಹಜರತಅಲಿಗೆ ಒಂದು ಶಾಲು ಹೊದಿಸಿದರು. ಶಾಲಿನ ಅಂಚು ಆಗಲೇ ಬಿಚ್ಚಿತ್ತು. ಅವನಿಗೆ ತನ್ನ ಸ್ಟುಡಿಯೋದ ಕೋಟು ನೆನಪಾಯಿತು.

ಜನ ಬಂದರು, ಬಂದವರು ನೋಡಿದ ರೀತಿಯೇ ಬೇರೆ. ಬಾಡ ಎಂಬ ಊರಿನವನೊಬ್ಬ ಒಂದು ಹೊಲದ ಮುಂದೆ ನಿಂತು, “ಇದು ನಮ್ಮ ಕಾಕಾನ ಹೊಲ. ಇಲ್ಲಿ ಕಂಬ ಇತ್ತಲ್ಲ, ಎಲ್ಲಿ ಹೋತು?” ಎಂದು ಕೇಳಿ, ಕಂಬ ಕಳುವಾಗಿದೆ ಎಂದು ಅಲ್ಲಿಂದಲೇ ಕಾಕಾನಿಗೆ ಫೋನು ಹಚ್ಚಿದ. ಇನ್ನಿಬ್ಬರು ಬದು ಯಾರು ಒತ್ತಿದ್ದಾರೆಂದು ಫೋಟೋದ ಮೇಲೆ ಬೆರಳಿಟ್ಟು ಅಳೆಯತೊಡಗಿದಾಗ ಚನ್ನೇಶ ಓಡಿ ಬಂದು, “ಮುಟ್ಟಬೇಡಿ, ಮುಟ್ಟಬೇಡಿ,” ಎಂದ. ಹಜರತಅಲಿಗೆ ಇದರಷ್ಟು ಖುಷಿ ಕೊಟ್ಟದ್ದು ಆ ದಿನ ಬೇರೆ ಇರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತು ಒಳಗೊಳಗೇ ನಗುತ್ತಿದ್ದ.

ಹನ್ನೆರಡರ ಸುಮಾರಿಗೆ ಒಬ್ಬ ಮುದುಕ, ಜೊತೆಗೆ ಕಾಲೇಜು ಓದುವ ವಯಸ್ಸಿನ ಹುಡುಗಿ ಬಂದರು. ಹುಡುಗಿ ಮೊಬೈಲು ಹಿಡಿದುಕೊಂಡು ಒಂದೊಂದೇ ಫೋಟೋಕ್ಕೆ ಹೋಲಿಸುತ್ತ ಬಂದವಳು ನಲವತ್ತೊಂದರ ಮುಂದೆ ನಿಂತು, “ಅಜ್ಜಾ, ಇಲ್ಲಿ ಐತಿ,” ಎಂದಳು. ಮುದುಕ ಕನ್ನಡಕ ಏರಿಸಿ ಹತ್ತಿರ ಬಗ್ಗಿದ. ಮರದ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ರಾಶಿಯ ಹಿಂದೆ ಯಾರಾದರೂ ಕುಳಿತಿದ್ದಾರೆಯೇ ಎಂಬಂತೆ ಕತ್ತು ಓರೆ ಮಾಡಿದ. ಫೋಟೋದ ಅಂಚಿನ ತನಕ ಬಂದು ಚೌಕಟ್ಟಿನ ಹಿಂದೆಯೂ ಇಣುಕಿದ.

“ಎಲ್ಲಿ ಅದಾಳ ನಿಮ್ಮಜ್ಜಿ?” ಎಂದು ಮೊಮ್ಮಗಳನ್ನು ಕೇಳಿದ.

ಹಜರತಅಲಿ ಕುರ್ಚಿಯಿಂದ ಎದ್ದು ನಿಂತ. ಎದ್ದದ್ದು ಯಾಕೆಂದು ಅವನಿಗೇ ಗೊತ್ತಾಗಲಿಲ್ಲ.

ಚನ್ನೇಶ ಬಂದು ಕೈಮುಗಿದು, ಯಾರನ್ನು ಹುಡುಕುತ್ತಿದ್ದೀರೆಂದು ಕೇಳಿದ. ಹುಡುಗಿಯೇ ಹೇಳಿದಳು. ಅವಳು ಅಂಕಿತಾ, ಅಜ್ಜನ ಹೆಸರು ಮಹಾಲಿಂಗಪ್ಪ, ಅಬಲೂರಿನವರು. ಈ ಹೊಲ ಅವರದು. ಅಜ್ಜಿ ಭಾದ್ರಪದದಲ್ಲಿ ತೀರಿಕೊಂಡಳು. ಮನೆಯಲ್ಲಿ ಅವಳ ಒಂದು ನೆಟ್ಟಗಿನ ಫೋಟೋ ಇಲ್ಲ. ಮೊಬೈಲು ತೆಗೆದರೆ ಸೆರಗು ಮುಖಕ್ಕೆ ಮುಚ್ಚುತ್ತಿದ್ದಳು, ಇರುವುದೆಲ್ಲ ಬರೀ ಸೆರಗು. ಪ್ರದರ್ಶನದ ಪ್ರಚಾರದ ಚಿತ್ರ ಮೊಬೈಲಿಗೆ ಬಂದಾಗ ಬನ್ನಿ ಮರ ಗುರುತು ಸಿಕ್ಕಿತು. ಹೊಲದ ಫೋಟೋ ತೆಗೆದ ದಿನ ತಾನು ಮುಖ ತೊಳೆದು ಮರದ ಪಕ್ಕ ನಿಂತಿದ್ದೆ ಎಂದು ಅಜ್ಜಿ ಎಷ್ಟೋ ಸಲ ಹೇಳಿದ್ದಳು. ಮೊಬೈಲಿನಲ್ಲಿ ಬಂದದ್ದು ಸಣ್ಣದು, ದೊಡ್ಡದರಲ್ಲಿ ಎಲ್ಲಾದರೂ ಇದ್ದಾಳು ಎಂದು ಎರಡು ಬಸ್ಸು ಬದಲಿಸಿ ಬಂದಿದ್ದಾರೆ.

ಚನ್ನೇಶ ಚಿತ್ರದ ಕಡೆ ಕೈ ತೋರಿಸಿದ. “ನೋಡಿ ಅಜ್ಜಾ, ಅವರು ಇದರಲ್ಲಿ ಕಾಣೋದಿಲ್ಲ. ಆದರೆ ಈ ಚಿತ್ರದ ಮೌನದಲ್ಲಿ ಅವರು ಇದ್ದಾರೆ.”

“ಮೌನದಾಗ ಹೆಂಗ ಇರ್ತಾಳ್ರಿ?” ಎಂದ ಮಹಾಲಿಂಗಪ್ಪ. “ಅಕಿ ಒಂದ್ ಗಳಗಿ ಬಾಯಿ ಮುಚ್ಚಿದಾಕಿ ಅಲ್ಲ.”

ಬೇರೆ ದಿನವಾಗಿದ್ದರೆ ಹಜರತಅಲಿ ಈ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದ, ಮನೆಗೆ ಹೋಗಿ ಮಾಬೂಬಿಗೂ ಹೇಳುತ್ತಿದ್ದ. ಮುದುಕ ಈಗ ತನ್ನ ಕಡೆ ತಿರುಗುತ್ತಾನೆ, ಇವರೊಂದು ಬೇರೆ ಹೊಡೆದಿದ್ದರಂತೆ ಎನ್ನುತ್ತಾನೆ ಎಂದು ಕಾದ. ಮುದುಕ ಅವನ ಕೊರಳಿನ ಕ್ಯಾಮೆರಾ ನೋಡಿದ, ಮುಖ ನೋಡಿದ, ಏನೂ ಕೇಳಲಿಲ್ಲ. ಕೇಳದಿದ್ದದ್ದನ್ನು ಹಜರತಅಲಿಯೇ ತಡೆಯಲಾರದೆ ಹೇಳಿದ.

“ಅವ್ವಾರದ ನಾನೂ ಒಂದ ಹೊಡದಿದ್ದೆರಿ. ಏನ್ ಮಾಡೂದು, ರೀಲ್ ತೊಳೀಬೇಕಾದ್ರ ಕೆಟ್ಟ ಹೋತು.”

“ಹೌದೇನ್ರಿ,” ಎಂದ ಮಹಾಲಿಂಗಪ್ಪ. ಇನ್ನೊಂದು ಸಲ ಅವನ ಮುಖ ನೋಡಿದ, ಸರೋಜವ್ವ ನೋಡಿದ ಹಾಗೆಯೇ. “ಇರ್ಲಿ ಬಿಡ್ರಿ.”

ಆ ಸುಳ್ಳು ನೂರಾರು ಸಲ ಬಾಯಿಂದ ಬಂದದ್ದು, ಎಂದೂ ಅವನನ್ನು ಕಾಡಿರಲಿಲ್ಲ. ಇಂದು ಕಾಡಿತು. ಏನಾದರೂ ಮಾಡದೆ ಇವರನ್ನು ಬಸ್ಸು ಹತ್ತಿಸಲಾರೆ ಅನ್ನಿಸಿ, “ಆಧಾರ ಕಾರ್ಡ್ ಐತೇನ್ ಅವ್ವಾರದು? ನನ್ನ ಸ್ಟುಡಿಯೋಕ್ಕ ಬರ್ರಿ. ಅದರಾಗಿನ ಮಾರಿ ತಗದು ದೊಡ್ಡದ ಮಾಡಿ ಕೊಡ್ತೇನಿ, ರೊಕ್ಕಾ ಗಿಕ್ಕಾ ಏನೂ ಬ್ಯಾಡ,” ಎಂದ. ಅಂಕಿತಾ ಚೀಲದಿಂದ ಕಾರ್ಡು ತೆಗೆದಳು. ಶಾಲನ್ನು ಕುರ್ಚಿಯ ಮೇಲೇ ಬಿಟ್ಟು, ಚನ್ನೇಶನಿಗೆ ಹೇಳದೆ, ಹಜರತಅಲಿ ಅವರ ಜೊತೆ ಸವಣೂರಿನ ಬಸ್ಸು ಹತ್ತಿದ.

ಆಧಾರ ಕಾರ್ಡಿನ ಫೋಟೋ ಎಂದರೆ ಅವನಿಗೆ ಮೊದಲಿನಿಂದಲೂ ವಾಕರಿಕೆ. ಇದೂ ಹಾಗೇ ಇತ್ತು: ಬೂದಿ ಬಳಿದ ಹಾಗೆ ಮುಖ, ಅರ್ಧ ಮುಚ್ಚಿದ ಕಣ್ಣು. ಕಂಪ್ಯೂಟರಿನ ಮುಂದೆ ಕುಳಿತು ತಾಸುಗಟ್ಟಲೆ ಬೂದಿ ತೆಗೆದ, ಹಣೆಗೆ ಕುಂಕುಮ ಇಟ್ಟ, ಸೆರಗು ಸರಿಪಡಿಸಿದ. ಅಂಕಿತಾ ಪಕ್ಕದಲ್ಲಿ ಕುಳಿತು, “ಮೂಗು ಇಷ್ಟ ಸಣ್ಣದಲ್ಲರಿ, ನತ್ತು ಈ ಕಡೆ,” ಎಂದು ಹೇಳುತ್ತಿದ್ದಳು. ಮುಖ ಸರೋಜವ್ವನಿಗೆ ಹತ್ತಿರ ಬಂತು, ಪೂರ್ತಿ ಬರಲಿಲ್ಲ. ಅವತ್ತು ತೊಳೆದ ಮುಖದ ಮೇಲೆ ಕೆಂಪು ಬಿಸಿಲು ಬಿದ್ದದ್ದು ಹೇಗಿತ್ತು ಎಂದು ಇಡೀ ಜಗತ್ತಿನಲ್ಲಿ ತನಗೊಬ್ಬನಿಗೇ ಗೊತ್ತು ಎಂಬುದು ಹಜರತಅಲಿಗೆ ಆಗ ಹೊಳೆಯಿತು. ಅದನ್ನು ಮೌಸ್ ತಿರುವಿ ಕಂಪ್ಯೂಟರಿನಿಂದ ಹೊರಗೆ ತರುವ ಉಪಾಯ ಯಾವುದೂ ಇರಲಿಲ್ಲ.

“ಹಿಂದ ನಿಮ್ಮ ಹೊಲಾನಽ ಹಾಕ್ತೇನಿ,” ಎಂದ. “ಬನ್ನಿ ಮರದ ಬಾಜೂಕ ನಿಂತಂಗ.” ಚನ್ನೇಶನ ಚಿತ್ರದೊಳಗೆ ಸರೋಜವ್ವನನ್ನು ತಂದು ನಿಲ್ಲಿಸಿದರೆ ಅವನಿಗೂ ಬುದ್ಧಿ ಕಲಿಸಿದ ಹಾಗಾಯಿತು ಎಂದು ಒಳಗೇ ಹಿಗ್ಗಿದ್ದ.

ಮಹಾಲಿಂಗಪ್ಪ ತಲೆಯಾಡಿಸಿದ. “ಆ ಹೊಲಾ ಬ್ಯಾಡ್ರಿ. ಐವತ್ತ ವರ್ಷ ಅದರಾಗ ಬಗ್ಗ್ಯಾಳ. ಸತ್ತಮ್ಯಾಲೂ ಅಲ್ಲೇ ನಿಂದ್ರಸೂದ್ ಯಾಕ?” ಸುತ್ತ ನೋಡಿ ಗೋಡೆಯ ಪರದೆಗೆ ಬೊಟ್ಟು ಮಾಡಿದ. “ಈ ನೀರ ಬೀಳೂದ ಹಾಕ್ರಿ. ಅಗ್ದಿ ತಂಪ ಕಾಣತೈತಿ. ಆ ಬೆಕ್ಕೂ ಇರ್ಲಿ.”

ಹಜರತಅಲಿ ಜಲಪಾತ ಹಾಕಿದ. ಬೆಕ್ಕನ್ನೂ ಬಿಟ್ಟ. ಪ್ರಿಂಟು ಹೊರಬಂದಾಗ ಮಹಾಲಿಂಗಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ದೂರ ಹತ್ತಿರ ಮಾಡಿ ನೋಡಿದ. ಅಕಿಯ ಹಾಗಿದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಮೊಮ್ಮಗಳ ಕೈಗೆ ಕೊಟ್ಟು, “ನಂದೂ ಒಂದ ತಗದ ಬಿಡ್ರಿ. ನಂದೂ ಯಾವುದೂ ಇಲ್ಲ. ಹಿಂಗ ಆಗೂದ ಬ್ಯಾಡ,” ಎಂದ. ಟೋಪಿ ಸರಿಮಾಡಿಕೊಂಡು, ಅಂಗಿಯ ಗುಂಡಿ ಕೊರಳ ತನಕ ಹಾಕಿಕೊಂಡು, ಸ್ಟೂಲಿನ ಮೇಲೆ ಕುಳಿತ. ಎಲ್ಲರ ಹಾಗೆ ಉಸಿರು ಕಟ್ಟಲಿಲ್ಲ.

ಹಜರತಅಲಿ ಡಿಜಿಟಲ್ ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿಯುವುದರಲ್ಲಿದ್ದ.

“ಸಾಹೇಬ್ರ,” ಎಂದ ಮಹಾಲಿಂಗಪ್ಪ ಮೆಲ್ಲಗೆ. “ಮುಚ್ಚಳಾ.”

ಹಜರತಅಲಿಯ ಕೈ ಅಲ್ಲೇ ನಿಂತಿತು.

“ಅವತ್ತ ನೀವು ಮುಚ್ಚಳಾ ತಗೀದಽ ಹೊಡದ್ರಂತ. ಮನಿಗೆ ಬಂದ ಹೇಳಿದ್ಲು. ಅಲ್ಲೇ ಹೇಳಬೇಕಿಲ್ಲೇನ ಅಂದೆ. ‘ಹೆಂಗ ಹೇಳ್ಲಿ? ಆ ಪ್ಯಾಟಿ ಮನಷ್ಯಾ ಮೊದಲಽ ಅವರನ್ನ ಬೈಯಾಕತ್ತಿದ್ದ. ಪಾಪ ವಯಸ್ಸಾಗೇತಿ, ಮರತಾರ. ನಾನೂ ಅಂದ್ರ ಅಂವಾ ಮತ್ತಷ್ಟ ಅಂತಾನ. ಬಂತೇನ್ರಿ ಅಂತ ಕೇಳ್ದೆ, ಬಂತು ಅಂದ್ರು, ಸುಮ್ಮನ ಬಂದೆ’ ಅಂದ್ಲು.” ಮಹಾಲಿಂಗಪ್ಪ ಮೊಮ್ಮಗಳ ಕೈಯ ಪ್ರಿಂಟಿನ ಕಡೆ ನೋಡಿದ. “ಮಂಟಪದಾಗ ನೀವು ರೀಲ್ ಕೆಟ್ಟತು ಅಂದ್ರಿ. ಮರತದ್ದನ್ನ ಮಂದಿ ಮುಂದ ಹೇಳಾಕ ಯಾರಿಗಾದ್ರೂ ನಾಚಿಕಿ ಇರ್ತೈತಿ ಅಂತ ನಾನೂ ಸುಮ್ಮನಾದೆ. ಈಗ ಇಲ್ಲಿ ಯಾರೂ ಇಲ್ಲಲ್ಲ, ಅದಕ್ಕ ಹೇಳಿದೆ.”

ಹಲ್ಲು ಕಿರಿದು ನಿಂತವರು ಕ್ಯಾಮೆರಾ ನೋಡುವುದಿಲ್ಲ ಎಂದು ನಂಬಿ ನಲವತ್ತು ವರ್ಷ ಬದುಕಿದವನು ಹಜರತಅಲಿ. ಗಂಡನಿಗೂ ಹೆಂಡತಿಗೂ ಮುಚ್ಚಳ ಕಂಡಿತ್ತು. ಗಾಡಿಗಟ್ಟಲೆ ಷಡ್ಡಕರು, ಗೌಡರು, ಮುದುಕಿಯರು ನೆನಪಾದರು. ಅವರಲ್ಲಿ ಎಷ್ಟು ಜನಕ್ಕೆ ಕಂಡಿತ್ತೋ, ಎಷ್ಟು ಜನ ತನ್ನ ಮೇಲೆ ಕನಿಕರಪಟ್ಟು ಸುಮ್ಮನೆ ಊಟಕ್ಕೆ ಹೋಗಿದ್ದರೋ. ಮರೆತೆ ಎಂದು ಒಪ್ಪಿಕೊಂಡರೆ ಆಗಿಹೋಗುತ್ತಿತ್ತು. ದಾರಿಯನ್ನು ಸರೋಜವ್ವನೇ ಮಾಡಿಟ್ಟು ಹೋಗಿದ್ದಳು.

“ಮರತಿರಲಿಲ್ಲ,” ಎಂದ ಹಜರತಅಲಿ.

ಮಹಾಲಿಂಗಪ್ಪ ನೋಡಿದ.

“ರೀಲೂ ಇರಲಿಲ್ಲ. ಸುಮ್ಮನ ಫ್ಲ್ಯಾಶ್ ಹೊಡದ ಕಳಸಿದೆ. ಕಿಸೇದಾಗ ಮೊಬೈಲ್ ಇತ್ತು, ಅದನ್ನೂ ತಗೀಲಿಲ್ಲ.”

ಅಂಕಿತಾ ಪ್ರಿಂಟನ್ನು ಎದೆಗೆ ಹಿಡಿದು ಎದ್ದು ನಿಂತಳು. “ಅಜ್ಜಾ, ನಡಿ ಹೋಗೂಣು,” ಎಂದಳು. ಒಳಗಿನ ಬಾಗಿಲ ಪರದೆಯ ಹಿಂದೆ ಮಾಬೂಬಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು, ಮುಂದೆ ಬರಲಿಲ್ಲ.

ಮಹಾಲಿಂಗಪ್ಪ ಏಳಲಿಲ್ಲ. ಮೊಣಕಾಲಿನ ಮೇಲಿದ್ದ ಕೈಗಳನ್ನು ನೋಡಿಕೊಂಡ. ಹೊರಗೆ ಖಾರದ ಅಂಗಡಿಯಲ್ಲಿ ಯಾರೋ ಚುರುಮುರಿ ಕಟ್ಟಿಸಿಕೊಂಡು ಹೋಗುವಷ್ಟು ಹೊತ್ತು ಹಾಗೆಯೇ ಕುಳಿತಿದ್ದ. ಆಮೇಲೆ ಮುಖ ಎತ್ತಿದ. ಅದರಲ್ಲಿ ಕನಿಕರ ಇರಲಿಲ್ಲ.

“ಹೊಡೀರಿ,” ಎಂದ.

ಹಜರತಅಲಿ ಮುಚ್ಚಳ ತೆಗೆದು ಮೇಜಿನ ಮೇಲೆ, ಮುದುಕನಿಗೆ ಕಾಣುವ ಹಾಗೆ ಇಟ್ಟ. ಒಂದಲ್ಲ, ಏಳು ಹೊಡೆದ. ಏಳರಲ್ಲೂ ಮಹಾಲಿಂಗಪ್ಪ ಲೆನ್ಸು ನೋಡುತ್ತಿರಲಿಲ್ಲ, ಅದರ ಹಿಂದಿದ್ದವನನ್ನು ನೋಡುತ್ತಿದ್ದ.

“ಬಂತೇನ್ರಿ?” ಎಂದು ಕೇಳಿದ.

ನಲವತ್ತು ವರ್ಷ ತಾನಾಗಿ ಬಾಯಿಗೆ ಬರುತ್ತಿದ್ದ ಆ ಮಾತು ಹಜರತಅಲಿಗೆ ಬರಲಿಲ್ಲ. ಕ್ಯಾಮೆರಾ ತಿರುಗಿಸಿ, ಫೋಟೋ ಕಾಣುವ ಹಾಗೆ ಅವನ ಮುಂದೆ ಹಿಡಿದ.